ಅಬ್ಬಕ್ಕನ ಬಗ್ಗೆ ಬರೆಯುವಾಗ

ಕೇಳುಗರಿಗೆ ನಮಸ್ಕಾರ.

ನಮ್ಮ ಮಂಗಳೂರಿನ ಕಡೆ ಚರಿತ್ರೆಯ ಪ್ರಬಂಧ ಬರೆಯಿರಿ ಎಂದರೆ ತುಂಬ ಮಕ್ಕಳು ಉಳ್ಳಾಲದ ರಾಣಿ ಅಬ್ಬಕ್ಕನನ್ನು ಆರಿಸಿಕೊಳ್ಳುತ್ತಾರೆ. ನನಗದು ಖುಷಿಯೇ. ಆದರೆ ಪುಟ ತಿರುವಿದರೆ ಸಿಗುವುದು ಇಷ್ಟು: ಅಬ್ಬಕ್ಕ ವೀರೆ, ಧೀರೆ, ಪೋರ್ಚುಗೀಸರ ಪಾಲಿಗೆ ಸಿಂಹಸ್ವಪ್ನ. ಇದೇನೂ ಸುಳ್ಳಲ್ಲ. ಆದರೆ ಅಬ್ಬಕ್ಕ ಇದ್ದಲ್ಲಿ ಕಿತ್ತೂರು ಚೆನ್ನಮ್ಮ ಎಂದೂ, ಪೋರ್ಚುಗೀಸರು ಇದ್ದಲ್ಲಿ ಬ್ರಿಟಿಷರು ಎಂದೂ ತಿದ್ದಿದರೆ ಪ್ರಬಂಧ ಹಾಗೇ ನಡೆಯುತ್ತದೆ, ಅಲ್ವಾ? ಹಾಗಾದರೆ ಉಳ್ಳಾಲದ ಬಗ್ಗೆ ನಾವು ಬರೆದದ್ದಾದರೂ ಏನು?

1623ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿ ಮಂಗಳೂರಿಗೆ ಬಂದಿದ್ದ. ಉಳ್ಳಾಲದ ರಾಣಿಯನ್ನು ನೋಡಲೇಬೇಕೆಂದು ಹುಡುಕಿಕೊಂಡು ಹೋದ. ಕಂಡದ್ದನ್ನು ಪತ್ರದಲ್ಲಿ ಬರೆದಿಟ್ಟ. ರಾಣಿ ಅವನಿಗೆ ಸಿಕ್ಕಿದ್ದು ಬೀದಿಯಲ್ಲಿ. ಬರಿಗಾಲು, ಸಾದಾ ಹತ್ತಿಬಟ್ಟೆ. ಎಲ್ಲೋ ಅಗೆತದ ಕೆಲಸ ನಡೆಯುತ್ತಿತ್ತು, ಅದನ್ನು ನೋಡಲು ನಡೆದೇ ಹೊರಟಿದ್ದಳು. ನೋಟಕ್ಕೆ ಅಡುಗೆಮನೆಯ ಕೆಲಸದವಳ ಹಾಗೆ ಕಂಡಳು, ಮಾತಾಡಿದಾಗ ಮಾತ್ರ ರಾಣಿಯ ಗತ್ತು ತಿಳಿಯಿತು ಎಂಬ ಅರ್ಥದಲ್ಲಿ ಬರೆದಿದ್ದಾನೆ.

ಇಂಥ ಒಂದು ವಿವರ ಕೈಗೆ ಸಿಕ್ಕರೆ ಪ್ರಬಂಧದ ದಾರಿಯೇ ಬೇರೆ. "ಉಳ್ಳಾಲದಂಥ ಸಣ್ಣ ರಾಜ್ಯ ಅಷ್ಟು ಕಾಲ ತಡೆದು ನಿಂತಿತಲ್ಲ, ರಾಣಿ ಆಡಳಿತವನ್ನು ಖುದ್ದಾಗಿ ನೋಡಿಕೊಂಡದ್ದೂ ಅದಕ್ಕೊಂದು ಕಾರಣ" ಎಂದು ನೀವು ವಾದಿಸಬಹುದು. ಆಗ ಯಾರಾದರೂ ಎದ್ದು ಕೇಳುತ್ತಾರೆ: ಪರದೇಶದವನೊಬ್ಬ ಒಂದು ಸಲ ಕಂಡದ್ದನ್ನು ಹಿಡಿದು ಇಷ್ಟು ದೊಡ್ಡ ಮಾತು ಹೇಳಬಹುದಾ? ನ್ಯಾಯವಾದ ಪ್ರಶ್ನೆ. ಅದನ್ನು ನೀವೇ ಪ್ರಬಂಧದಲ್ಲಿ ಎತ್ತಿ. ಆಮೇಲೆ ಇನ್ನೊಂದು ಆಧಾರ ಕೊಡಿ. ರಾಣಿಯ ಮಾಜಿ ಗಂಡ ಮಂಗಳೂರಿನ ಬಂಗರಸ. ಅವನ ಬೆನ್ನಿಗೆ ಪೋರ್ಚುಗೀಸರಿದ್ದರು. ರಾಣಿಯ ಬೆನ್ನಿಗೆ ಘಟ್ಟದ ಮೇಲಿನ ಇಕ್ಕೇರಿಯ ಅರಸ ವೆಂಕಟಪ್ಪ ನಾಯಕ. ಇದನ್ನೂ ಅದೇ ಪ್ರವಾಸಿ ಬರೆದಿದ್ದಾನೆ. ಈಗ ವಾದವನ್ನು ಸ್ವಲ್ಪ ತಿದ್ದಬೇಕಾಗುತ್ತದೆ: ಖುದ್ದು ಆಡಳಿತದ ಜೊತೆಗೆ ಘಟ್ಟದ ಮೇಲಿನವರ ಬೆಂಬಲವೂ ಬೇಕಾಗಿತ್ತು. ಹೀಗೆ ತಿದ್ದಿಕೊಂಡ ವಾದಕ್ಕೇ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಇಸವಿಗಳನ್ನು ಸುಮ್ನೆ ಉರು ಹೊಡೆಯಬೇಡಿ, ಪಕ್ಕಪಕ್ಕ ಇಟ್ಟು ನೋಡಿ. ಪೋರ್ಚುಗೀಸರು ಮಂಗಳೂರಿಗೆ ದಂಡೆತ್ತಿ ಬಂದು ಕೋಟೆ ಕಟ್ಟಿದ್ದು 1568ರಲ್ಲಿ. ಆ ಪ್ರವಾಸಿ ಬಂದದ್ದು 1623ರಲ್ಲಿ. ನಡುವೆ 55 ವರ್ಷ. ಅಷ್ಟೂ ಕಾಲ ಉಳ್ಳಾಲ ಆಳಿದವಳು ಒಬ್ಬಳೇ ಅಬ್ಬಕ್ಕನಾ? ಒಬ್ಬಳಿಗಿಂತ ಹೆಚ್ಚು ಅಬ್ಬಕ್ಕರು ಇದ್ದರು ಎಂದು ಇತಿಹಾಸಕಾರರು ಹೇಳುವುದು ಸುಮ್ಮನೆ ಅಲ್ಲ. ಪಿಯುಸಿ ಓದುವ ಹುಡುಗಿಯೂ ಒಂದು ಕಳೆಯುವ ಲೆಕ್ಕದಿಂದ ಆ ಪ್ರಶ್ನೆಗೆ ತಲುಪಬಹುದು. ಗೈಡ್ ನೋಡಿ ಬರೆದರೆ ಈ ಸಂತೋಷ ಸಿಗುವುದಿಲ್ಲ.

ಮಂಗಳೂರಿನ ಕದ್ರಿಯ ವಿಷಯವೂ ಹೀಗೇ. ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವಿದೆ, ಮೂರು ಮುಖ, ಆರು ಕೈ. ಪೀಠದ ಮೇಲೆ ಶಾಸನವಿದೆ. ಕ್ರಿ.ಶ. 968ರಲ್ಲಿ ಆಳುಪರ ಅರಸ ಕುಂದವರ್ಮ ಇದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ ಎಂದು ಅದು ಹೇಳುತ್ತದೆ. ವಿಹಾರ ಎಂಬ ಮಾತು, ಲೋಕೇಶ್ವರ ಎಂಬ ಹೆಸರು, ಎರಡೂ ಬೌದ್ಧರ ಕಡೆಗೆ ಬೆರಳು ತೋರಿಸುತ್ತವೆ. ಆದರೆ ಅದೇ ಶಾಸನ ಕುಂದವರ್ಮನನ್ನು ಶಿವಭಕ್ತ ಎಂದು ಹೊಗಳುತ್ತದೆ. ಅಲ್ಲೇ ಗುಡ್ಡದ ಮೇಲೆ ಶೈವ ಯೋಗಿಗಳ ಪಂಥವಾದ ನಾಥಪಂಥದ ಜೋಗಿ ಮಠವೂ ಇದೆ.

"ಕದ್ರಿ ಬೌದ್ಧ ವಿಹಾರವಾಗಿತ್ತು" ಎಂದು ವಾದಿಸುವ ಹುಡುಗ ಆ ಶಿವಭಕ್ತಿಯ ಸಾಲನ್ನು ಬಿಟ್ಟು ಬರೆದರೆ ದಯವಿಟ್ಟು ಪ್ರಬಂಧ ವಾಪಸು ಕೊಡಿ ಎಂದು ಉಪನ್ಯಾಸಕರಲ್ಲಿ ಕೇಳಿಕೊಳ್ಳುತ್ತೇನೆ. "ಶಿವಭಕ್ತನಾದ ಅರಸ ವಿಹಾರದಲ್ಲಿ ಲೋಕೇಶ್ವರನನ್ನು ಯಾಕೆ ನಿಲ್ಲಿಸಿದ?" ಎಂದು ಅಂಚಿನಲ್ಲಿ ಒಂದು ಸಾಲು ಬರೆದು ಕೊಡಿ. ಎರಡನೇ ಸಲ ಅವನು ಬರೆದು ತರುವ ಪ್ರಬಂಧವನ್ನು ಓದಲು ನನಗೂ ಆಸೆಯಿದೆ.

ನಮಸ್ಕಾರ.