ತಿಪ್ಪೆಯಲ್ಲಿ ಸಿಕ್ಕ ಹುಳ 'ಹೊಸ ಜಾತಿ' ಆಗೋದು ಯಾವಾಗ?

[ಪರದೆ ಮೇಲೆ: ಗೊಬ್ಬರದ ತಿಪ್ಪೆ, ಆಮೇಲೆ ಕಪ್ಪು ಹುಳದ ಹತ್ತಿರದ ಚಿತ್ರ]

ನಮಸ್ಕಾರ್ರೀ. ನವಲಗುಂದದ ಕಡೆಯ ವೀಕ್ಷಕರೊಬ್ಬರು ಫೋಟೊ ಕಳಿಸಿ ಕೇಳಿದ್ದಾರೆ: "ಸರ, ತಿಪ್ಪಿ ಕೆದರುವಾಗ ಈ ಹುಳ ಸಿಕ್ಕೇತ್ರಿ. ನೆಟ್‌ನ್ಯಾಗ ಎಷ್ಟ್ ಹುಡುಕಿದ್ರೂ ಇಂಥದ್ದ ಸಿಗವಲ್ದು. ಹೊಸಾ ಜಾತಿ ಇದ್ರ ನಮ್ಮೂರ ಹೆಸರ ಇಡಬಹುದೇನ್ರಿ?"

ಭಾಳ ಚೊಲೋ ಪ್ರಶ್ನೆ. ಒಂದು ಹುಳ ಹೊಸದು ಅಂತ ಹೇಳುವವರು ಯಾರು? ಯಾವ ಆಧಾರದ ಮೇಲೆ?

ಹುಳದ ಪರಿಚಯ ಬೇಗ ಮುಗಿಸಿಬಿಡುತ್ತೇನೆ. ಇದು ರೋವ್ ಬೀಟಲ್. ದುಂಬಿಯೇ, ಆದರೆ ಬೆನ್ನ ಮೇಲಿನ ಗಟ್ಟಿ ರೆಕ್ಕೆ ಗಿಡ್ಡ, ಹೊಟ್ಟೆ ಹೊರಗೇ ಕಾಣುತ್ತದೆ. ಹಾರುವ ತೆಳು ರೆಕ್ಕೆಗಳು ಆ ಗಿಡ್ಡ ರೆಕ್ಕೆಯ ಕೆಳಗೆ ಮಡಚಿಕೊಂಡಿರುತ್ತವೆ. ಸಗಣಿ, ತರಗೆಲೆ, ಕೆರೆ ದಂಡೆಯ ಕೆಸರು, ಎಲ್ಲ ಕಡೆ ಇರುತ್ತವೆ. ತಿಪ್ಪೆಯಲ್ಲಿ ನೊಣದ ಮರಿಹುಳ ಹಿಡಿದು ತಿನ್ನುವ ಜಾತಿಗಳೂ ಇವೆ, ರೈತರಿಗೆ ಒಳ್ಳೆಯದೇ. ಹೆಸರಿಟ್ಟ ಜಾತಿಗಳೇ 60,000ಕ್ಕಿಂತ ಜಾಸ್ತಿ. ಜಗತ್ತಿನ ಹಕ್ಕಿಗಳನ್ನೆಲ್ಲ ಸೇರಿಸಿದರೂ 11,000ದ ಆಸುಪಾಸು, ಅಂದರೆ ನೀವೇ ಲೆಕ್ಕ ಹಾಕಿ.

ಇಷ್ಟು ಜಾತಿಗಳಲ್ಲಿ ಎಷ್ಟೋ ಹುಳಗಳ ಒಂದು ಫೋಟೊ ಕೂಡ ನೆಟ್‌ನಲ್ಲಿಲ್ಲ. ಹಾಗಾಗಿ ನೆಟ್‌ನಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಹೊಸದು ಅಂತ ಅಲ್ಲ.

ಪರಿಣತರು ಮೊದಲು ಹಳೇ ವಿವರಣೆಗಳನ್ನು ತೆಗೆಯುತ್ತಾರೆ. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯರಾಗಿದ್ದ ಮಾಲ್ಕಂ ಕ್ಯಾಮರನ್ 1930ರಿಂದ 1939ರ ನಡುವೆ ಭಾರತದ ರೋವ್ ಬೀಟಲ್‌ಗಳ ಬಗ್ಗೆ ದಪ್ಪ ದಪ್ಪ ಸಂಪುಟ ಬರೆದರು. ಅವು ಇವತ್ತಿಗೂ ಬೇಕು. ಆಮೇಲೆ ಮೈಕ್ರೋಸ್ಕೋಪ್. ಹೊರಗಿಂದ ಒಂದೇ ಥರ ಕಾಣುವ ಎರಡು ಜಾತಿಗಳನ್ನು ಬೇರೆ ಮಾಡಬೇಕು ಅಂದರೆ ಎಷ್ಟೋ ಸಲ ಗಂಡುಹುಳದ ಜನನಾಂಗವನ್ನೇ ಬಿಡಿಸಿ ನೋಡಬೇಕಾಗುತ್ತದೆ. ಹುಳವೇ ಕೆಲವು ಮಿಲಿಮೀಟರ್, ಅದರ ಹೊಟ್ಟೆಯ ತುದಿಯಿಂದ ಅಂಗ ಹೊರತೆಗೆದು, ಸ್ವಚ್ಛ ಮಾಡಿ, ಆಕಾರ ಬರೆದುಕೊಳ್ಳುವುದು ಅಂದರೆ ತಾಳ್ಮೆ ಬೇಕು. ಫೋಟೊ ನೋಡಿ ಜಾತಿ ಹೇಳಿ ಅಂದರೆ ಅವರು ಸುಮ್ಮನಾಗುವುದು ಇದಕ್ಕೇ.

[ಪರದೆ ಮೇಲೆ: ಹೊಲದ ಬದು, ಬಾಂದಗಲ್ಲು]

ಈಗ ಮುಖ್ಯ ವಿಷಯ, ಹೋಲೋಟೈಪ್. ನಮ್ಮಲ್ಲಿ ಬದುವಿನ ಜಗಳ ಬಂದರೆ ಏನು ಮಾಡುತ್ತೇವೆ? ಮೋಜಣಿಯವರನ್ನು ಕರೆಸಿ ಹದ್ದುಬಸ್ತು ಮಾಡಿಸುತ್ತೇವೆ. ಅವರು ನಕಾಶೆ ಹಿಡಿದು ಮೊದಲು ಹುಡುಕುವುದು ಬಾಂದಗಲ್ಲನ್ನು, ಅಲ್ವಾ? "ನಮ್ಮಜ್ಜನ ಕಾಲದಿಂದ ಇಲ್ಲಿತನಕ ನಮ್ಮದು" ಅಂತ ಯಾರು ಎಷ್ಟೇ ಹೇಳಲಿ, ಅಳತೆ ಶುರುವಾಗುವುದು ಆ ಕಲ್ಲಿನಿಂದ. ಹೋಲೋಟೈಪ್ ಅಂದರೆ ಹೊಸ ಜಾತಿಯನ್ನು ವಿವರಿಸುವಾಗ ಅದರ ಮಾದರಿ ಅಂತ ಆರಿಸಿಟ್ಟ ಒಂದು ಹುಳ, ಹುಳಗಳ ಲೋಕದ ಬಾಂದಗಲ್ಲು. ಹೊಸ ಹೆಸರು ಅಂಟಿಕೊಳ್ಳುವುದು ಆ ಒಂದೇ ಒಂದು ಹುಳಕ್ಕೆ. ಬರೆದ ವಿವರಣೆಯಲ್ಲಿ ತಪ್ಪಿರಬಹುದು, ಚಿತ್ರ ಸರಿ ಬಂದಿರಲಿಕ್ಕಿಲ್ಲ. ಆ ಹುಳ ಮ್ಯೂಸಿಯಂ ಪೆಟ್ಟಿಗೆಯಲ್ಲಿ ಉಳಿದಿದ್ದರೆ ನೂರು ವರ್ಷದ ಮೇಲೂ ಯಾರಾದರೂ ಹೋಗಿ ಮತ್ತೆ ಅಳೆಯಬಹುದು. ಕಲ್ಲನ್ನೇ ಕಿತ್ತು ಹಾಕಿದರೆ ಜಗಳ ಮುಗಿಯುವುದೇ ಇಲ್ಲ.

ಪೆಟ್ಟಿಗೆ ಅಂದೆನಲ್ಲ, ನನಗೆ ತುಂಬ ಇಷ್ಟವಾದ ಕಥೆ ಅಲ್ಲೇ ಇದೆ. 1832ರಲ್ಲಿ ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾದಲ್ಲಿ 23 ವರ್ಷದ ಹುಡುಗ ಒಂದು ರೋವ್ ಬೀಟಲ್ ಹಿಡಿದ. ಅವನ ಹೆಸರು ಚಾರ್ಲ್ಸ್ ಡಾರ್ವಿನ್. ಹಸಿರಾಗಿ ಮಿಂಚುವ ತಲೆಯ ಆ ಹುಳ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು, ಲಂಡನ್ನಿನ ಮ್ಯೂಸಿಯಂ ಸೇರಿತು, ಅಲ್ಲೇ ಎಲ್ಲೋ ಕಳೆದುಹೋಯಿತು ಅಂತ ಎಲ್ಲರೂ ಅಂದುಕೊಂಡರು. ಸ್ಟೈಲಿಯಾನೋಸ್ ಚಾಟ್ಜಿಮನೋಲಿಸ್ ಎಂಬ ಕೀಟತಜ್ಞರು ಅಧ್ಯಯನಕ್ಕೆ ಅಂತ ಆ ಮ್ಯೂಸಿಯಂನಿಂದ ಎರವಲು ತರಿಸಿದ ಹುಳಗಳಲ್ಲಿ ಅದು ಮತ್ತೆ ಸಿಕ್ಕಿತು. 2014ರ ಫೆಬ್ರವರಿ 12ರಂದು, ಡಾರ್ವಿನ್ ಹುಟ್ಟಿದ ದಿನವೇ, ಡಾರ್ವಿನಿಲಸ್ ಸೆಡಾರಿಸಿ ಅಂತ ಹೆಸರು ಪ್ರಕಟವಾಯಿತು. ಹಿಡಿದು 180 ವರ್ಷ ಕಳೆದ ಮೇಲೆ! ಅವರಿಗೆ ಸಿಕ್ಕ ಇನ್ನೊಂದು ಮಾದರಿ ಬರ್ಲಿನ್ ಮ್ಯೂಸಿಯಂನಲ್ಲಿತ್ತು. ಎರಡೇ ಎರಡು.

ಡಾರ್ವಿನ್ ಹಿಡಿದ ಹುಳಕ್ಕೇ ಈ ಗತಿ ಆದರೆ ಉಳಿದವುಗಳ ಪಾಡೇನು? ಹೊಸ ಜಾತಿ ಸಿಗಬೇಕು ಅಂದರೆ ಕಾಡಿಗೇ ಹೋಗಬೇಕಿಲ್ಲ. ಹಳೇ ಪೆಟ್ಟಿಗೆ ತೆರೆದು, ಕೂತು ನೋಡುವ ಕಣ್ಣು ಬೇಕು. ನಮ್ಮ ಕಾಲೇಜುಗಳಲ್ಲಿ ಕೀಟ ಸಂಗ್ರಹವನ್ನು ಪರೀಕ್ಷೆಗೆ ಮಾಡಿಸಿ ಆಮೇಲೆ ಇರುವೆಗೆ ಬಿಡಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಎಲ್ಲಿ, ಯಾವಾಗ ಸಿಕ್ಕಿದ್ದು ಅಂತ ಬರೆದ ಚೀಟಿ ಸಮೇತ ಅವನ್ನು ಕಾಪಾಡಬೇಕು.

ಟೈಮ್ ಆಯಿತು, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಊರಿನ ಹೆಸರು ಖಂಡಿತ ಇಡಬಹುದು, ಅದನ್ನು ಆರಿಸುವುದು ವಿವರಣೆ ಬರೆದವರು. ಹುಳ ಹುಡುಕಿದವರ ಹೆಸರನ್ನೂ ಅವರು ಇಡಬಹುದು, ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವ ರೂಢಿ ಇಲ್ಲ. 1999ರ ನಂತರ ಪ್ರಕಟವಾಗುವ ಹೊಸ ಜಾತಿಗೆ ಟೈಪ್ ಮಾದರಿ, ಅಂದರೆ ಹೋಲೋಟೈಪ್‌ನಂಥ ಆಧಾರದ ಹುಳ, ಯಾವುದು, ಎಲ್ಲಿಡುತ್ತಾರೆ ಅಂತ ಬರೆಯಲೇಬೇಕು. ನಮ್ಮ ದೇಶದ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ, ಹೊಸ ಜಾತಿಯ ಮಾದರಿಯನ್ನು ಸರ್ಕಾರ ಗೊತ್ತು ಮಾಡಿದ ಸಂಗ್ರಹಾಲಯಕ್ಕೆ ಕೊಡಬೇಕು. ಕೋಲ್ಕತ್ತಾದ ಝುವಾಲಾಜಿಕಲ್ ಸರ್ವೆ ಆಫ್ ಇಂಡಿಯಾ ಅಂಥದ್ದೊಂದು.

ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ, ಕಿತ್ತಳೆ-ಕಪ್ಪು ಬಣ್ಣದ ಪೆಡೆರಸ್ ಕೂಡ ರೋವ್ ಬೀಟಲ್ಲೇ. ಅದು ಕಚ್ಚುವುದಿಲ್ಲ. ಮೈಮೇಲೆ ಉಜ್ಜಿದರೆ ಒಳಗಿನ ಪೆಡೆರಿನ್ ವಿಷ ತಾಗಿ, ಒಂದೆರಡು ದಿನದಲ್ಲಿ ಬೊಬ್ಬೆ ಏಳುತ್ತದೆ. ಆ ವಿಷ ತಯಾರಿಸುವುದು ಹುಳದೊಳಗಿನ ಬ್ಯಾಕ್ಟೀರಿಯಾ. ಊದಿ ಹಾರಿಸಿ, ಹೊಡೆಯಬೇಡಿ. ತಾಗಿದರೆ ಸೋಪು ಹಚ್ಚಿ ತೊಳೆಯಿರಿ.

ಹುಳ ತೋರಿಸಬೇಕು ಅನ್ನುವವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಜೊತೆಗೆ ಚೀಟಿ ಬರೆದಿಡಿ: ಊರು, ತಾರೀಖು, ತಿಪ್ಪೆಯೋ ಎಲೆಯ ಅಡಿಯೋ, ಹಿಡಿದವರ ಹೆಸರು. ಚೀಟಿ ಇಲ್ಲದ ಹುಳದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಕಪ್ಪತಗುಡ್ಡದಂಥ ವನ್ಯಧಾಮದಲ್ಲಿ ಮಾತ್ರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಹುಳವನ್ನೂ ಹಿಡಿಯಬೇಡಿ.