ಹತ್ತು ಥಾಟುಗಳು ಸಾಕೆ?

ನಮಸ್ಕಾರ. ಧಾರವಾಡ, ಹುಬ್ಬಳ್ಳಿ, ಗದಗಿನ ಕಡೆ ಸಂಗೀತ ಪರೀಕ್ಷೆಗೆ ಕೂಡುವ ಮಕ್ಕಳು ಬಿಲಾವಲ, ಕಲ್ಯಾಣ, ಖಮಾಜ, ಭೈರವ, ಪೂರ್ವಿ, ಮಾರವಾ, ಕಾಫಿ, ಆಸಾವರಿ, ಭೈರವಿ, ತೋಡಿ ಎಂದು ಹತ್ತು ಥಾಟುಗಳನ್ನು, ಅಂದರೆ ಹಿಂದುಸ್ತಾನಿ ರಾಗಗಳನ್ನು ವಿಂಗಡಿಸಲು ಬಳಸುವ ಏಳೇಳು ಸ್ವರಗಳ ಶ್ರೇಣಿಗಳನ್ನು, ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಸಂಗೀತಶಾಸ್ತ್ರಜ್ಞ ಭಾತಖಂಡೆಯವರು ರೂಪಿಸಿದ ಈ ವರ್ಗೀಕರಣದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಸ್ವರಶ್ರೇಣಿಗಳೆಂದರೆ ಈ ಹತ್ತೇ ಎಂಬ ಭಾವನೆ ಮಕ್ಕಳಲ್ಲಿ ಬೇರೂರುವಂತೆ ಕಲಿಸುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಹೆಸರುಗಳನ್ನು ಬದಿಗಿಟ್ಟು ಪೇಟಿಯ (ಹಾರ್ಮೋನಿಯಂ) ಮುಂದೆ ಕೂಡೋಣ. ಕರಿ ಪಟ್ಟಿಗಳನ್ನು ಮುಟ್ಟದೆ, ಬಿಳಿ ಒಂದನ್ನು (ಪಾಶ್ಚಾತ್ಯರ C) ಷಡ್ಜ, ಅಂದರೆ ಆಧಾರ ಸ್ವರವಾದ ಸ, ಮಾಡಿಕೊಂಡು ಏರುತ್ತ ಹೋದರೆ ಬಿಲಾವಲ ಸಿಗುತ್ತದೆ; ಪಾಶ್ಚಾತ್ಯರ ಮೇಜರ್ ಸ್ಕೇಲ್ ಮತ್ತು ಕರ್ನಾಟಕ ಪದ್ಧತಿಯ ಶಂಕರಾಭರಣದ ಸ್ವರಗಳೂ ಇವೇ. ಅದೇ ಬಿಳಿ ಪಟ್ಟಿಗಳ ಮೇಲೆ ಷಡ್ಜವನ್ನು ಎರಡಕ್ಕೆ ಸರಿಸಿ, ತಂಬೂರಿಯನ್ನೂ ಅದಕ್ಕೆ ಹೊಂದಿಸಿಕೊಂಡರೆ ಕಾಫಿ ಕೇಳಿಸುತ್ತದೆ. ಮೂರಕ್ಕೆ ಸರಿಸಿದರೆ ಭೈರವಿ, ನಾಲ್ಕಕ್ಕೆ ಕಲ್ಯಾಣ, ಐದಕ್ಕೆ ಖಮಾಜ, ಆರಕ್ಕೆ ಆಸಾವರಿ. ಏಳನೆಯದರಿಂದ ಹೊರಟರೆ ಪಂಚಮ ಅರ್ಧ ಸ್ವರ ಕೆಳಗೆ ಬೀಳುತ್ತದೆ. ಪಂಚಮವನ್ನು ಅಚಲವೆಂದು ಇಟ್ಟುಕೊಂಡಿರುವ ನಮ್ಮ ಎರಡೂ ಪದ್ಧತಿಗಳಲ್ಲಿ ಅದಕ್ಕೆ ಹಿಂದುಸ್ತಾನಿಯ ಥಾಟೂ ಇಲ್ಲ, ಕರ್ನಾಟಕ ಪದ್ಧತಿಯ ಏಳು ಸ್ವರಗಳ ಶ್ರೇಣಿಯಾದ ಮೇಳವೂ ಇಲ್ಲ. ಭೈರವ, ಪೂರ್ವಿ, ಮಾರವಾ, ತೋಡಿ ಈ ನಾಲ್ಕು ಬಿಳಿ ಪಟ್ಟಿಗಳಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅವುಗಳಲ್ಲಿ ಅಕ್ಕಪಕ್ಕದ ಎರಡು ಸ್ವರಗಳ ನಡುವೆ ಮೂರು ಅರ್ಧ ಸ್ವರಗಳಷ್ಟು ಅಂತರ ಬರುತ್ತದೆ. ಭೈರವದಲ್ಲಿ ಕೋಮಲ (ಅರ್ಧ ಸ್ವರ ಇಳಿಸಿದ) ರಿಷಭದಿಂದ ಶುದ್ಧ (ಇಳಿಸದ) ಗಾಂಧಾರಕ್ಕೆ ಹೋಗುವಾಗ ಅದು ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ರಿಷಭ, ಗಾಂಧಾರ, ಮಧ್ಯಮ, ಧೈವತ, ನಿಷಾದ ಈ ಐದು ಸ್ವರಗಳಿಗೆ ಎರಡೆರಡು ರೂಪಗಳಿರುವುದರಿಂದ, ಒಂದೊಂದನ್ನೇ ಆಯ್ದುಕೊಂಡರೆ ಒಟ್ಟು 32 ಶ್ರೇಣಿಗಳಾಗುತ್ತವೆ. ಹತ್ತು ಥಾಟುಗಳು ಇವುಗಳ ಪೈಕಿ ಹತ್ತು ಮಾತ್ರ. ಉಳಿದವು ಬರೀ ಕಾಗದದ ಮೇಲಿನ ಗಣಿತವೇ? ಖಂಡಿತ ಅಲ್ಲ. ಅಹಿರ ಭೈರವ ರಾಗವನ್ನು ವಾಡಿಕೆಯಂತೆ ಭೈರವ ಥಾಟಿಗೆ ಸೇರಿಸುತ್ತಾರೆ, ಆದರೆ ಅದರ ನಿಷಾದ ಕೋಮಲ. ಹತ್ತರಲ್ಲಿ ಯಾವುದಕ್ಕೂ ಅದು ಪೂರ್ತಿ ಹೊಂದುವುದಿಲ್ಲ. ಮಧುವಂತಿಯ ಗತಿಯೂ ಅದೇ. ಕೀರವಾಣಿ, ಚಾರುಕೇಶಿಗಳು ಹಿಂದುಸ್ತಾನಿಗೆ ಕರ್ನಾಟಕ ಪದ್ಧತಿಯಿಂದಲೇ ಬಂದವು. ಕರ್ನಾಟಕ ಪದ್ಧತಿಯ ಶಾಸ್ತ್ರಕಾರ ವೆಂಕಟಮಖಿ ಹದಿನೇಳನೆಯ ಶತಮಾನದಲ್ಲಿ ಹಾಕಿಕೊಟ್ಟ 72 ಮೇಳಗಳ ಕೋಷ್ಟಕದಲ್ಲಿ ಈ 32 ಶ್ರೇಣಿಗಳಿಗೂ ಸ್ಥಾನವಿದೆ: ಚಕ್ರವಾಕ 16, ಕೀರವಾಣಿ 21, ಚಾರುಕೇಶಿ 26, ಧರ್ಮವತಿ 59. ಅಹಿರ ಭೈರವದ ಸ್ವರಗಳು ಚಕ್ರವಾಕದವು, ಮಧುವಂತಿಯವು ಧರ್ಮವತಿಯವು.

ಕನ್ನಡ ನಾಡಿನ ಒಂದು ಭಾಗದಲ್ಲಿ ಈ ಕೋಷ್ಟಕ ಬಳಕೆಯಲ್ಲಿರುವಾಗ, ಇನ್ನೊಂದು ಭಾಗದ ವಿದ್ಯಾರ್ಥಿಗೆ ಅದರ ಪರಿಚಯವೇ ಆಗದಿರುವುದು ನನಗೆ ನೋವು ತರುತ್ತದೆ. ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುವಾಗಿದ್ದ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಕರ್ನಾಟಕ ಸಂಗೀತದ ಸರಗಮ್ ಕ್ರಮವನ್ನು (ಸ್ವರಗಳ ಹೆಸರನ್ನೇ ಹಾಡುವುದನ್ನು) ಆದರದಿಂದ ತಮ್ಮ ಗಾಯನಕ್ಕೆ ತಂದುಕೊಂಡಿದ್ದರು. ನಮ್ಮ ಪರಂಪರೆಯಲ್ಲೇ ಈ ದಾರಿ ತೆರೆದಿದೆ.

ಶ್ರೇಣಿ ಕಲಿತರೆ ರಾಗ ಬಂದಂತಾಗುವುದಿಲ್ಲ, ಚೀಜು (ರಾಗದಲ್ಲಿ ಕಟ್ಟಿದ ರಚನೆ) ಕಲಿಯಬೇಕು ಎಂದು ಹಿರಿಯ ಗುರುಗಳು ಹೇಳುತ್ತಾರೆ. ಅವರ ಮಾತು ನಿಜ. ಭೂಪಾಲಿಗೂ ದೇಶಕಾರಕ್ಕೂ ಸ ರಿ ಗ ಪ ಧ ಎಂಬ ಅವೇ ಐದು ಸ್ವರಗಳು. ಭೂಪಾಲಿಯಲ್ಲಿ ಗಾಂಧಾರ ವಾದಿಯಾಗಿ (ಮುಖ್ಯ ಸ್ವರವಾಗಿ) ರಾಗ ಪೂರ್ವಾಂಗದಲ್ಲಿ, ಅಂದರೆ ಸಪ್ತಕದ ಕೆಳಗಿನ ಅರ್ಧದಲ್ಲಿ, ನಿಲ್ಲುತ್ತದೆ, ರಾತ್ರಿಯ ಮೊದಲ ಪ್ರಹರಕ್ಕೆ ಸಲ್ಲುತ್ತದೆ. ದೇಶಕಾರದಲ್ಲಿ ಧೈವತ ವಾದಿಯಾಗಿ ಉತ್ತರಾಂಗ (ಮೇಲಿನ ಅರ್ಧ) ಮುಂದಾಗುತ್ತದೆ, ಅದು ಬೆಳಗಿನ ರಾಗವಾಗುತ್ತದೆ. ಮಾರವಾ, ಪೂರಿಯಾ, ಸೋಹನಿಗಳ ಸಂಬಂಧವೂ ಇಂಥದ್ದೇ. ಆದರೆ ಈ ಸ್ವರಗಳೆಲ್ಲ ಒಂದೇ ಎಂಬುದನ್ನು ಪೇಟಿಯ ಮೇಲೆ ತಾನೇ ನುಡಿಸಿ ಕಂಡುಕೊಂಡ ಹುಡುಗಿಯೇ, ಹಾಗಾದರೆ ಇವುಗಳನ್ನು ಬೇರೆ ಮಾಡುವುದು ಯಾವುದು ಎಂದು ಗುರುವನ್ನು ಕೇಳಬಲ್ಲಳು.