ಎಕ್ಕೆಯ ಹೂವು, ದಾಳಿಂಬೆಯ ಕಾಳು: ಪಾಲಿಮರ್ ಕ್ಲೇ ಆಭರಣಗಳ ಕುರಿತು

ಕೇಳುಗರಿಗೆ ನಮಸ್ಕಾರ.

ನಮ್ಮ ಕೊಪ್ಪಳಕ್ಕೆ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಗೊಂಬೆಯ ಮೈಯನ್ನು ಹಗುರವಾದ ಮರದಲ್ಲಿ ಕೆತ್ತುತ್ತಾರೆ. ಆದರೆ ಆ ಗೊಂಬೆಯ ಕೊರಳ ಸರವನ್ನೂ ಸೊಂಟದ ಡಾಬನ್ನೂ ಕೆತ್ತುವುದಿಲ್ಲ. ಕಲ್ಲಿನ ಪುಡಿಗೆ ಅಂಟು ಕಲಸಿ, ಆ ಮುದ್ದೆಯಿಂದಲೇ ಒಡವೆಗಳನ್ನು ಮೈಮೇಲೆ ಉಬ್ಬಿಸಿ ಮೂಡಿಸುತ್ತಾರೆ. ಗೋಣಿನಾರಿನ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ನಾದಿದ ಕಿಟ್ಟವೂ ಅವರ ಕೈಯಲ್ಲಿ ದಿನನಿತ್ಯ ಓಡಾಡುವ ವಸ್ತು. ಹೀಗೆ ನಾದಿದ ಮುದ್ದೆಯಿಂದ ಒಡವೆ ಮಾಡುವುದು ಈ ನೆಲಕ್ಕೆ ಹೊಸದಲ್ಲವಾದ್ದರಿಂದ, ಪಾಲಿಮರ್ ಕ್ಲೇ ಎಂಬ ಇಂದಿನ ವಸ್ತುವಿನಲ್ಲಿ ಓಲೆ, ಪದಕ, ಕೂದಲ ಕ್ಲಿಪ್ಪುಗಳನ್ನು ಮಾಡಿ ಮಾರುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಕಾಣಿಸಿಕೊಂಡಿರುವುದು ನನಗೆ ಸಹಜವಾಗಿಯೇ ತೋರುತ್ತದೆ.

ಈ ವಸ್ತುವೂ ಒಂದು ಗೊಂಬೆಯ ಮನೆಯಿಂದಲೇ ಬಂದದ್ದು. ಜರ್ಮನಿಯ ಹೆಸರಾಂತ ಗೊಂಬೆ ತಯಾರಕಿ ಕೇಟೆ ಕ್ರೂಸೆ ಅವರ ಮಗಳು ಸೋಫಿ, 1930ರ ದಶಕದ ಕೊನೆಯಲ್ಲಿ ಗೊಂಬೆಯ ತಲೆಗಳಿಗೆಂದು ಇಂಥದೊಂದು ಹಿಟ್ಟನ್ನು ಕೈಗೆತ್ತಿಕೊಂಡರು. 1964ರಲ್ಲಿ ಅದರ ಸೂತ್ರ ಎಬರ್‌ಹಾರ್ಡ್ ಫೇಬರ್ ಕಂಪನಿಗೆ ಹೋಗಿ, ಮುಂದೆ ಫಿಮೋ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇದರಲ್ಲಿ ಮಣ್ಣಿನ ಅಂಶ ಇಲ್ಲ. ನೀರಿನ ಪೈಪಿಗೆ ಬಳಸುವ ಪಿವಿಸಿಯನ್ನೇ ಅತಿ ನಯವಾದ ಪುಡಿಯಾಗಿಸಿ, ಅದಕ್ಕೆ ಎಣ್ಣೆಯಂಥ ಒಂದು ದ್ರವವನ್ನೂ ಬಣ್ಣವನ್ನೂ ಸೇರಿಸಿ, ಹೋಳಿಗೆಯ ಕಣಕದ ಹದಕ್ಕೆ ತಂದಿರುತ್ತಾರೆ. ಗಾಳಿಗೆ ಒಣಗದ ಈ ಕಣಕ, 110ರಿಂದ 130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪುಡಿಯ ಕಣಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡಾಗ ಮಾತ್ರ ಗಟ್ಟಿಯಾಗುತ್ತದೆ. ಆದ್ದರಿಂದ ಇದನ್ನು ಮಣ್ಣಿನ ಆಭರಣವೆಂದೋ, ಪರಿಸರಸ್ನೇಹಿ ಎಂದೋ ಹೇಳಿ ಮಾರುವುದು ಗಿರಾಕಿಗೆ ಮಾಡುವ ಮೋಸ. ಇದು ಪ್ಲಾಸ್ಟಿಕ್ಕೇ ಎಂದು ಒಪ್ಪಿಕೊಂಡು, ಹಗುರ, ನೀರಿಗೆ ಕೆಡುವುದಿಲ್ಲ, ಬಹುಕಾಲ ಬಾಳುತ್ತದೆ ಎಂಬ ನಿಜವಾದ ಗುಣಗಳನ್ನು ಹೇಳಿದರೆ ಸಾಕು.

ಇನ್ನು, ಏನನ್ನು ಮಾಡಬೇಕು ಎಂಬುದು. ಪ್ರಕೃತಿಯಿಂದ ಪ್ರೇರಣೆ ಪಡೆದದ್ದು ಎಂದು ಬರೆದುಕೊಂಡ ಎಷ್ಟೋ ಓಲೆಗಳಲ್ಲಿ ಕಾಣುವುದು ಮೊಬೈಲಿನಲ್ಲಿ ನೋಡಿ ಮಾಡಿದ ಡೇಸಿ ಹೂವು, ಗುಲಾಬಿ ಮತ್ತು ಎಲ್ಲಿಯದೋ ಕಾಡಿನ ತೂತು ತೂತಾದ ಎಲೆ. ಅವುಗಳನ್ನು ಮಾಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಅಚ್ಚಿನಲ್ಲಿ ಒತ್ತಿ ತೆಗೆದ ಅದೇ ಡೇಸಿ ಸಗಟು ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುವಾಗ, ಕೈಯಲ್ಲಿ ಒಂದೊಂದೇ ಎಸಳು ಕೂರಿಸಿದವಳು ಬೆಲೆಯಲ್ಲಿ ಅದರ ಎದುರು ನಿಲ್ಲಲಾರಳು. ಅವಳು ನಿಲ್ಲಬಹುದಾದ ಜಾಗ ಒಂದೇ: ಅಚ್ಚು ಮಾಡುವವನು ನೋಡಿರದ, ತಾನು ದಿನವೂ ನೋಡುವ ಗಿಡ. ನಮ್ಮ ಬಯಲಿನಲ್ಲಿ ತಂಗಡಿ ಇದೆ, ಮುತ್ತುಗ ಇದೆ, ಬನ್ನಿ ಇದೆ, ಜಾಲಿಯ ಹಳದಿ ಗುಂಡು ಹೂವಿದೆ.

ಎಕ್ಕೆಯನ್ನೇ ತೆಗೆದುಕೊಳ್ಳೋಣ. ಹನುಮಂತನಿಗೆ ಎಕ್ಕೆಯ ಹಾರ ಹಾಕುವುದು ರೂಢಿಯಾದ್ದರಿಂದ, ಅಂಜನಾದ್ರಿಗೆ ಬರುವ ಭಕ್ತರಿಗೆ ಆ ಹೂವಿನ ಗುರುತು ಹೇಳಿಕೊಡಬೇಕಾಗಿಲ್ಲ. ಒಂದು ಹೂವನ್ನು ಅಂಗೈಯಲ್ಲಿಟ್ಟು ನೋಡಿ: ಐದು ದಪ್ಪ ಎಸಳುಗಳು, ಮೇಣದ ಮಂದ ಹೊಳಪು, ತುದಿಯಲ್ಲಿ ತುಸು ಕೆಳಕ್ಕೆ ಬಾಗು, ನಡುವೆ ಐದು ಮೂಲೆಯ ಪುಟ್ಟ ಕಿರೀಟ. ಗುಲಾಬಿಯ ತೆಳುವಾದ ಎಸಳನ್ನು ಈ ಕಣಕದಲ್ಲಿ ಎಷ್ಟು ಜಾಣತನದಿಂದ ಮಾಡಿದರೂ ಅದು ಎಲ್ಲೋ ಒಂದು ಕಡೆ ಪ್ಲಾಸ್ಟಿಕ್ ಎನಿಸಿಬಿಡುತ್ತದೆ. ಎಕ್ಕೆಯ ಎಸಳು ಸ್ವಭಾವದಿಂದಲೇ ದಪ್ಪ, ನುಣುಪು ಆಗಿರುವುದರಿಂದ ಈ ವಸ್ತುವಿಗೆ ಹೇಳಿ ಮಾಡಿಸಿದಂತೆ ಒಗ್ಗುತ್ತದೆ. ಬಿಳಿಯ ಕಣಕಕ್ಕೆ ನೇರಳೆಯನ್ನು ಸಾಸಿವೆ ಕಾಳಿನಷ್ಟೇ ಸೇರಿಸುತ್ತಾ ಹೋಗಬೇಕು, ಏಕೆಂದರೆ ಬೆಂದ ಮೇಲೆ ಬಣ್ಣ ಸ್ವಲ್ಪ ಗಾಢವಾಗುವುದುಂಟು. ಕಿರೀಟವನ್ನು ಮೊದಲು ಬೇರೆಯಾಗಿ ಬೇಯಿಸಿ, ಆಮೇಲೆ ಹಸಿ ಎಸಳುಗಳ ನಡುವೆ ಕೂರಿಸಿ ಮತ್ತೊಮ್ಮೆ ಬೇಯಿಸಿದರೆ ಅದರ ಮೂಲೆಗಳು ಬೆರಳಿಗೆ ಸಿಕ್ಕು ನಜ್ಜುಗುಜ್ಜಾಗುವುದಿಲ್ಲ. ಎರಡು ಮೂರು ಸಲ ಬೇಯಿಸಿದರೂ ಈ ವಸ್ತುವಿಗೆ ತೊಂದರೆಯಿಲ್ಲ. ನಡುವೆ ಕರೆಂಟ್ ಹೋಗುವ ನಮ್ಮ ಊರುಗಳಿಗೆ ಇದೊಂದು ಸಮಾಧಾನದ ಸಂಗತಿ.

ಕುಷ್ಟಗಿ, ಯಲಬುರ್ಗಾ ಕಡೆಯ ತೋಟಗಳ ದಾಳಿಂಬೆಯೂ ಹೀಗೆಯೇ. ಪಾರದರ್ಶಕ ಬಗೆಯ ಕಣಕಕ್ಕೆ ಕೆಂಪನ್ನು ತೀರಾ ಕಡಿಮೆ ಸೇರಿಸಿ, ಒಳಗೆ ಬಿಳಿಯ ಬೀಜವಿಟ್ಟು ಸುತ್ತಿ, ಕಾಳಿನ ಪಕ್ಕಗಳನ್ನು ಚಪ್ಪಟೆಯಾಗಿ ಒತ್ತಬೇಕು. ಹಣ್ಣಿನೊಳಗೆ ಒಂದಕ್ಕೊಂದು ಒತ್ತಿಕೊಂಡು ಬೆಳೆದ ಕಾಳುಗಳು ಎಂದೂ ದುಂಡಗಿರುವುದಿಲ್ಲ. ಓವನ್ನಿನಿಂದ ತೆಗೆದ ತಕ್ಷಣ ಮಂಜುಗಡ್ಡೆಯ ನೀರಿಗೆ ಹಾಕಿದರೆ ಪಾರದರ್ಶಕತೆ ಹೆಚ್ಚುತ್ತದೆ. ಶಾಖ ತುಸು ಮೀರಿದರೆ ಅದೇ ಕಾಳು ಹಳದಿಗೆ ತಿರುಗುತ್ತದೆ. ಎಲೆಗಳ ವಿಷಯ ಸುಲಭ. ಹಸಿ ಎಲೆಯ ಬೆನ್ನಿನ ಕಡೆ ನರಗಳು ಉಬ್ಬಿರುವುದರಿಂದ ಆ ಬದಿಯನ್ನು ಕಣಕದ ಮೇಲಿಟ್ಟು ಲಟ್ಟಿಸಿದರೆ ಅಚ್ಚು ಮೂಡುತ್ತದೆ. ಬೇವಿನ ಎಲೆಯ ಬುಡ ಎರಡೂ ಕಡೆ ಸಮವಾಗಿರುವುದಿಲ್ಲ ಎಂಬುದನ್ನು ಗಮನಿಸಿ ಕತ್ತರಿಸಿದವರ ಓಲೆಯನ್ನು ನಮ್ಮ ಹಳ್ಳಿಯ ಅಜ್ಜಿಯೂ ನೋಡಿದೊಡನೆ ಬೇವು ಎಂದು ಗುರುತಿಸುತ್ತಾಳೆ.

ಪರದೇಶದ ಪಾಠಗಳಲ್ಲಿ ಹೆಚ್ಚಾಗಿ ಬಾರದ ಎರಡು ಕಷ್ಟಗಳು ನಮಗಿವೆ: ಬಿಸಿಲು ಮತ್ತು ಧೂಳು. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟಿದಾಗ ಕಣಕ ಬೆರಳಿಗೆ ಅಂಟುತ್ತದೆ, ಎಸಳು ಜೋತುಬೀಳುತ್ತದೆ, ಬೆರಳಿನ ಗುರುತು ಎಲ್ಲೆಡೆ ಮೂಡುತ್ತದೆ. ಬೆಳಗಿನ ಜಾವ ಕೆಲಸ ಮುಗಿಸುವುದು, ಮೆತ್ತಗಾದ ತುಂಡನ್ನು ಕೆಲವು ನಿಮಿಷ ಫ್ರಿಜ್ಜಿನಲ್ಲಿಡುವುದು, ತೀರಾ ಮೆದುವಾದರೆ ಬಿಳಿ ಕಾಗದಗಳ ನಡುವೆ ಭಾರ ಹೇರಿಟ್ಟು ಹೆಚ್ಚಿನ ಎಣ್ಣೆಯನ್ನು ಹೀರಿಸುವುದು ಇದಕ್ಕೆ ದಾರಿ. ಇಡೀ ಬೇಸಿಗೆಗೆ ಬೇಕಾದ ಸರಕನ್ನು ಚಳಿಗಾಲದಲ್ಲಿಯೇ ತರಿಸಿಕೊಳ್ಳುವುದು ಜಾಣತನ. ಬಿಸಿಲಲ್ಲಿ ನಿಂತ ಕೊರಿಯರ್ ವಾಹನದೊಳಗೆ ಅದು ಅರೆಬೆಂದು ಪುಡಿಪುಡಿಯಾಗಿ ಬರಬಹುದು. ಇನ್ನು ಎರೆಭೂಮಿಯ ಧೂಳು ಬಿಳಿಯ ಕಣಕಕ್ಕೆ ಬಿದ್ದರೆ ಅದನ್ನು ತೆಗೆಯುವ ಉಪಾಯವಿಲ್ಲ. ಆದ್ದರಿಂದ ಬಿಳಿ ಮೊದಲು, ಆಮೇಲೆ ಹಳದಿ, ಕೆಂಪು, ಕೊನೆಗೆ ಕಪ್ಪು ಎಂಬ ಕ್ರಮದಲ್ಲಿ ನಾದಬೇಕು, ನಡುನಡುವೆ ಕೈಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬೇಕು.

ಬೇಯಿಸುವ ವಿಷಯದಲ್ಲಿ ಉಳಿತಾಯದ ಮಾತೇ ಬೇಡ. ಪೊಟ್ಟಣದ ಮೇಲೆ ಬರೆದ ಶಾಖ ಹಾಗೂ ಸಮಯವನ್ನೇ ಪಾಲಿಸಿ, ಸಾಮಾನ್ಯವಾಗಿ ಅರ್ಧ ಗಂಟೆ. ಓವನ್ನಿನ ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಒಳಗೊಂದು ಓವನ್ ಥರ್ಮಾಮೀಟರ್ ಇಡಿ. ಅರೆಬೆಂದ ಓಲೆ ನೋಡಲು ಚೆನ್ನಾಗಿಯೇ ಇರುತ್ತದೆ, ಗಿರಾಕಿಯ ಕೈಯಲ್ಲಿ ಪಟ್ಟನೆ ಮುರಿಯುತ್ತದೆ. ಶಾಖ ವಿಪರೀತವಾಗಿ ಕಣಕ ಸುಟ್ಟು ಕಪ್ಪಾದರೆ ಕಣ್ಣು, ಗಂಟಲಿಗೆ ಉರಿ ತರುವ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ. ಆಗ ಓವನ್ ಆರಿಸಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಗೆ ಹೋಗಬೇಕು. ಅಡುಗೆಗೆ ಬಳಸುವ ಓವನ್ನನ್ನೂ ಲಟ್ಟಣಿಗೆಯನ್ನೂ ಈ ಕೆಲಸಕ್ಕೆ ಬಳಸಬಾರದು. ಬೆಂದ ಮೇಲೆ ಹೊಳಪಿಗೆಂದು ಉಗುರುಬಣ್ಣ ಬಳಿಯುವವರಿದ್ದಾರೆ. ಅದು ಕೆಲವು ವಾರಗಳಲ್ಲಿ ಅಂಟಂಟಾಗುತ್ತದೆ. ನೀರು ಆಧಾರಿತ ವಾರ್ನಿಶ್ ಸಾಕು.

ಬೆಲೆಯ ಲೆಕ್ಕಕ್ಕೆ ಬರೋಣ. 57 ಗ್ರಾಂ ತುಂಡಿಗೆ 300 ರೂಪಾಯಿ ಎಂದು ಹಿಡಿದರೆ, 8 ಗ್ರಾಂ ಹಿಡಿಯುವ ಎಕ್ಕೆಯ ಒಂದು ಜೊತೆ ಓಲೆಗೆ ಸುಮಾರು 42 ರೂಪಾಯಿಯ ಕಣಕ. ಕೊಕ್ಕೆ, ವಾರ್ನಿಶ್, ಕರೆಂಟ್, ಡಬ್ಬಿಗೆ 40 ರೂಪಾಯಿ. ಒಂದೂವರೆ ಗಂಟೆಯ ಕೆಲಸಕ್ಕೆ ಗಂಟೆಗೆ 80ರಂತೆ 120. ಒಟ್ಟು 202 ರೂಪಾಯಿ. ಇದನ್ನು ಅಂಗಡಿಯವರು ಶೇಕಡಾ 30ರಷ್ಟು ಹಿಡಿದುಕೊಂಡು ಮಾರುವುದಾದರೆ, ಬೆಲೆ 290ಕ್ಕಿಂತ ಕೆಳಗಿಳಿದ ಕೂಡಲೇ ನಿಮ್ಮ ಕೂಲಿ ಕರಗತೊಡಗುತ್ತದೆ. ಮನೆಯಲ್ಲಿ ಕೂತು ಮಾಡಿದ್ದಲ್ಲವೇ ಎಂದು ಆ 120 ರೂಪಾಯಿಯನ್ನು ಬಿಟ್ಟುಕೊಡುವವರೇ ಹೆಚ್ಚು, ಮತ್ತು ಅದೇ ಕಾರಣಕ್ಕೆ ಒಂದೆರಡು ವರ್ಷದಲ್ಲಿ ಕೆಲಸ ಬಿಡುವವರೂ ಅವರೇ.

ಗವಿಮಠದ ಜಾತ್ರೆಯ ಗದ್ದಲದಲ್ಲಿ 300 ರೂಪಾಯಿಯ ಓಲೆಗೆ ನಿಲ್ಲುವವರು ಕಡಿಮೆ. ಅಲ್ಲಿ ಉಳಿದ ಚೂರುಗಳಿಂದ ಮಾಡಿದ ಬೇವಿನೆಲೆಯ ಕ್ಲಿಪ್ಪು, ಉಂಗುರಗಳನ್ನು 50 ರೂಪಾಯಿಗೆ ಇಡಬಹುದು, ಏಕೆಂದರೆ ಬೇಯದ ಚೂರು ಒಂದಿಷ್ಟೂ ದಂಡವಾಗುವುದಿಲ್ಲ. ದುಬಾರಿಯವು ಹಂಪಿ, ಆನೆಗೊಂದಿಗೆ ಚಳಿಗಾಲದಲ್ಲಿ ಬರುವ ಪ್ರವಾಸಿಗರಿಗೆ ಮತ್ತು ಮೊಬೈಲಿನಲ್ಲಿ ನೋಡಿ ತರಿಸಿಕೊಳ್ಳುವ ಗಿರಾಕಿಗಳಿಗೆ. ಫೋಟೋವನ್ನು ಎಳೆಬಿಸಿಲಿನಲ್ಲಿ, ನಮ್ಮ ಬೆಣಚುಕಲ್ಲಿನ ಮೇಲೆ ಓಲೆಯ ಪಕ್ಕದಲ್ಲಿ ನಿಜವಾದ ಹೂವನ್ನಿಟ್ಟು ತೆಗೆಯಿರಿ. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಉಚಿತವಾದ್ದರಿಂದ ಅದಕ್ಕೆಂದು ಯಾವ ದಲ್ಲಾಳಿಗೂ ಹಣ ಕೊಡಬೇಡಿ. ಕೊಕ್ಕೆ ಸಡಿಲವಾದರೆ ಬದಲಿಸಿಕೊಡುತ್ತೇವೆ ಎಂದು ಡಬ್ಬಿಯ ಮೇಲೆ ಬರೆಯಿರಿ. ಬದಲಿಸಲು ಹಿಡಿಯುವುದು ಎರಡು ನಿಮಿಷ. ಜಾತ್ರೆಯೂ ಪ್ರವಾಸಿಗರ ಕಾಲವೂ ಜನವರಿಯಲ್ಲಿ ಒಟ್ಟಿಗೇ ಬರುವುದರಿಂದ, ಎಸಳು ಒತ್ತುವ ಕೆಲಸವನ್ನು ದೀಪಾವಳಿ ಮುಗಿದ ವಾರವೇ ಶುರುಮಾಡಬೇಕಾಗುತ್ತದೆ.

ನಮಸ್ಕಾರ.